ಸಣ್ಣ ಮಣ್ಣಿನ ಒಡ್ಡುಗಳ ಸುರಕ್ಷತಾ ವರ್ಗೀಕರಣ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳಲ್ಲಿ ಕಣಿವೆಯ ಮೇಲ್ಭಾಗದಲ್ಲಿ ಕೆರೆಯ ಮಣ್ಣಿನ ಏರಿ, ಅದರ ಕೆಳಗೆ ಅಡಿಕೆ ತೋಟ ಹಾಗೂ ಮನೆಗಳಿರುವುದು ಸಾಮಾನ್ಯ. ಏರಿಯು ಮಳೆಗಾಲದ ನೀರನ್ನು ತಡೆದು ನೆರೆಯ ರಭಸವನ್ನು ತಗ್ಗಿಸುತ್ತದೆ. ಆದರೆ ಏರಿಯೇ ಒಡೆದಲ್ಲಿ ತಡೆಹಿಡಿದ ನೀರೆಲ್ಲವೂ ಒಮ್ಮೆಲೇ ಕೆಳಗೆ ನುಗ್ಗುತ್ತದೆ.

ಅಣೆಕಟ್ಟು ಸುರಕ್ಷತಾ ಅಧಿನಿಯಮ, 2021, 15 ಮೀಟರಿಗಿಂತ ಹೆಚ್ಚು ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವು, 500 ಮೀಟರ್ ಉದ್ದ ಅಥವಾ 10 ಲಕ್ಷ ಘನ ಮೀಟರ್ ಸಂಗ್ರಹ ಮೊದಲಾದ ಷರತ್ತುಗಳಲ್ಲಿ ಒಂದನ್ನಾದರೂ ಪೂರೈಸಿದಲ್ಲಿ ಮಾತ್ರ ಒಳಪಡುತ್ತವೆ. 10 ಮೀಟರಿಗಿಂತ ತಗ್ಗಾದ ಏರಿಗಳು ಈ ವ್ಯಾಪ್ತಿಯ ಹೊರಗುಳಿಯುತ್ತವೆ.

ಆದರೆ ಅಪಾಯದ ವರ್ಗವು ಎತ್ತರವನ್ನಷ್ಟೇ ಅವಲಂಬಿಸಿಲ್ಲ. ಒಡ್ಡು ಒಡೆದಲ್ಲಿ ಕೆಳಭಾಗದ ಜೀವ ಹಾಗೂ ಆಸ್ತಿಗೆ ಆಗಬಹುದಾದ ಹಾನಿಯೇ ಅದರ ಅಳತೆ. ಏರಿಯಲ್ಲಿ ಯಾವ ಬದಲಾವಣೆಯಾಗದಿದ್ದರೂ, ಅದರ ಕೆಳಗೆ ಹೊಸ ಮನೆಗಳು ತಲೆಯೆತ್ತಿದಲ್ಲಿ ವರ್ಗವು ಮೇಲೇರಬೇಕಾಗುತ್ತದೆ. ಇದೇ ಪಶ್ಚಿಮ ಘಟ್ಟದ ರತ್ನಾಗಿರಿ ಜಿಲ್ಲೆಯಲ್ಲಿ 2019ರ ಜುಲೈ 2ರ ರಾತ್ರಿ ತಿವರೆ ಮಣ್ಣಿನ ಅಣೆಕಟ್ಟು ಒಡೆದು, ಕೆಳಗಿನ ವಸತಿಯ ಸುಮಾರು 20 ಮಂದಿ ಪ್ರಾಣ ಕಳೆದುಕೊಂಡರು.

ಮಣ್ಣಿನ ಏರಿಯು ಮುಖ್ಯವಾಗಿ ಎರಡು ಕಾರಣಗಳಿಂದ ಒಡೆಯುತ್ತದೆ: ಕೋಡಿಯು ಸಾಲದೆ ನೀರು ಏರಿಯ ಮೇಲೆ ಹರಿಯುವುದು ಹಾಗೂ ತೂಬಿನ ಪಕ್ಕದಲ್ಲಿ ಅಥವಾ ಏರಿಯೊಳಗೆ ಸೋರಿಕೆಯು ಮಣ್ಣನ್ನು ಕೊರೆಯುವುದು. ಸೋರುವ ನೀರು ತಿಳಿಯಾಗಿರದೆ ಕೆಸರಾಗಿದ್ದಲ್ಲಿ ಅದು ತುರ್ತು ಸೂಚನೆ. ಆದ್ದರಿಂದ ಅಧಿನಿಯಮದ ಮಿತಿಗೆ ಒಳಪಡದ ಏರಿಗಳಿಗೂ ಕೆಳಭಾಗದ ವಸತಿಯನ್ನು ಆಧರಿಸಿದ ವರ್ಗೀಕರಣ, ಮುಂಗಾರಿಗೆ ಮುನ್ನ ಕೋಡಿ ಹಾಗೂ ತೂಬಿನ ತಪಾಸಣೆ ಅವಶ್ಯಕವಾಗಿವೆ.