ಉಳಿದದ್ದು ಯಾರಿಗೆ, ನಡೆಯುವವರು ಯಾರು?

ಬಂಗಾರಪೇಟೆಯಲ್ಲಿ ನಾವು ಮನೆ ಕಟ್ಟಿಸುವಾಗ ಒಗೆಯುವ ಕಲ್ಲನ್ನು ಎಲ್ಲಿ ಹಾಕಿಸುವುದೆಂಬ ಮಾತು ಬಂತು. ಎರಡು ಜಾಗಗಳಿದ್ದವು. ಒಂದು ಹಿತ್ತಲ ಬಾಗಿಲಿನ ಪಕ್ಕ, ತಾರಸಿಯ ಮೆಟ್ಟಿಲಿಗೆ ಅಂಟಿಕೊಂಡಂತೆ. ಇನ್ನೊಂದು ಕಾಂಪೌಂಡಿನ ಮೂಲೆಯಲ್ಲಿ, ಮೋರಿಯ ಹತ್ತಿರ. ಮೇಸ್ತ್ರಿ ನಮ್ಮ ಯಜಮಾನರ ಕಡೆ ತಿರುಗಿ, "ಮೂಲೇಲಿ ಹಾಕಿದ್ರೆ ಇಪ್ಪತ್ತು ಅಡಿ ಪೈಪು ಉಳೀತದೆ ಸಾರ್" ಎಂದ. ಒಗೆದ ಬಟ್ಟೆಯನ್ನು ತಾರಸಿಗೆ ಹೊರುವವಳು ನಾನು. ಅಡಿಗೆಮನೆಯಿಂದಲೇ ಬೇಡವೆಂದೆ. ಆದರೆ ಲೆಕ್ಕ ಲೆಕ್ಕವೇ ಅಲ್ಲವೇ? ಕಲ್ಲು ಮೂಲೆಗೇ ಹೋಯಿತು. ಅಂದಿನಿಂದ ಇಪ್ಪತ್ತು ವರ್ಷ ಒದ್ದೆ ಬಟ್ಟೆಯ ಬಕೆಟ್ಟನ್ನು ಆ ಮೂಲೆಯಿಂದ ಮೆಟ್ಟಿಲಿನವರೆಗೆ ಹೊತ್ತಿದ್ದೇನೆ. ಪೈಪು ಉಳಿದದ್ದು ಒಂದು ಸಲ, ನಾನು ನಡೆದದ್ದು ದಿನಾ.

ಬೆಂಗಳೂರಿನ ಮೆಟ್ರೊ ನಿಲ್ದಾಣದ ಬಗ್ಗೆ ಬರೆಯಲು ಕುಳಿತವಳು ಒಗೆಯುವ ಕಲ್ಲಿನಿಂದ ಶುರು ಮಾಡಿದೆನೆಂದು ನಗಬೇಡಿ. ಎರಡೂ ಒಂದೇ ಕಥೆ. ಕೋಟಿಗಳ ಲೆಕ್ಕ ಬರೆಯುವ ದೊಡ್ಡ ಇಂಜಿನಿಯರುಗಳೂ ಜಾಗ ಆರಿಸುವಾಗ ನಮ್ಮ ಮೇಸ್ತ್ರಿಯ ಹಾಗೆಯೇ ಆಲೋಚಿಸುತ್ತಾರೆ. ಕಟ್ಟುವವನಿಗೆ ಎಷ್ಟು ಉಳಿಯಿತು ಎಂಬುದಕ್ಕೆ ಅವರ ಕಾಗದದಲ್ಲಿ ಕಾಲಂ ಇರುತ್ತದೆ. ಬಳಸುವವಳು ಎಷ್ಟು ನಡೆಯಬೇಕು ಎಂಬುದಕ್ಕೆ ಇರುವುದಿಲ್ಲ.

ನಮ್ಮ ಕೋಲಾರ ಜಿಲ್ಲೆಯವರಿಗೆ ಬೆಂಗಳೂರು ಎಂದರೆ ಮೊದಲು ದಂಡು ರೈಲು ನಿಲ್ದಾಣ. ಎಲ್ಲರೂ ಕಂಟೋನ್ಮೆಂಟ್ ಎಂದರೂ ಹಲಗೆಯ ಮೇಲೆ ಕನ್ನಡದಲ್ಲಿ ಬರೆದಿರುವುದು 'ಬೆಂಗಳೂರು ದಂಡು' ಎಂದೇ. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿಗೆ ಮೊದಲ ರೈಲು ಬಂದು ನಿಂತದ್ದು ಇಲ್ಲಿ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಈ ರೈಲಿನಿಂದ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ಬಿಡುವ ಗಾಡಿಯಲ್ಲಿ ಗಾರ್ಮೆಂಟ್ಸಿನ ಹುಡುಗಿಯರು, ನರ್ಸುಗಳು, ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಮನೆಗೆಲಸಕ್ಕೆ ಹೋಗುವವರು ಎಲ್ಲರೂ ಇರುತ್ತಾರೆ. ಬಂಗಾರಪೇಟೆ, ಟೇಕಲ್, ಮಾಲೂರು ದಾಟುವ ಹೊತ್ತಿಗೆ ನಿಲ್ಲಲೂ ಜಾಗವಿರುವುದಿಲ್ಲ. ತಲೆ ಬಾಚಿಕೊಳ್ಳುವುದು, ಹೂ ಮುಡಿಯುವುದು, ಡಬ್ಬಿ ತೆರೆದು ಎರಡು ತುತ್ತು ತಿನ್ನುವುದು, ಎಲ್ಲ ಅಲ್ಲೇ.

ಹೀಗಾಗಿ ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದಲ್ಲಿ ದಂಡು ರೈಲು ನಿಲ್ದಾಣದಲ್ಲೇ ನೆಲದಡಿಯ ಮೆಟ್ರೊ ನಿಲ್ದಾಣ ಬರುತ್ತದೆಂದು ಕೇಳಿದಾಗ ನಮ್ಮ ಕಡೆಯವರಿಗೆ ಸಂತೋಷವಾಗಿತ್ತು. ಮೊದಲಿನ ಯೋಜನೆಯಲ್ಲಿ ಇದ್ದದ್ದು ಹಾಗೆಯೇ. ಮಾರ್ಗದ ಉದ್ದ 21 ಕಿಲೋಮೀಟರು, ನಿಲ್ದಾಣಗಳು 18. ಅದರ ಮೇಲೆ ಯಾವ ಯಾವ ಊರುಕೇರಿಗಳಿವೆ ನೋಡಿ. ಶಿವಾಜಿನಗರ, ಎಂ.ಜಿ. ರಸ್ತೆ, ಲಕ್ಕಸಂದ್ರ, ಡೇರಿ ವೃತ್ತ, ಜಯದೇವ. ಲಕ್ಕಸಂದ್ರ-ಡೇರಿ ವೃತ್ತದ ಆಸುಪಾಸಿನಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಆಸ್ಪತ್ರೆಗಳಿವೆ. ಜಯದೇವ ಹೃದ್ರೋಗ ಆಸ್ಪತ್ರೆಯನ್ನು ನಾನು ಪರಿಚಯಿಸಬೇಕಿಲ್ಲ, ಪ್ರತಿ ಊರಿನ ಪ್ರತಿ ಬೀದಿಯಿಂದಲೂ ಯಾರಾದರೊಬ್ಬರು ಹೋಗಿಬಂದಿರುತ್ತಾರೆ. ರೈಲಿನಿಂದ ಇಳಿದು ಹಾಗೇ ಕೆಳಗೆ ಹೋಗಿ ಮೆಟ್ರೊ ಹತ್ತಿದರೆ ಆಯಿತು, ಎಂದುಕೊಂಡಿದ್ದೆವು.

ಆಮೇಲೆ ಜಾಗ ಬದಲಾಯಿತು. ರೈಲು ನಿಲ್ದಾಣ ಬಿಟ್ಟು ಬಂಬೂ ಬಜಾರಿನ ಮೈದಾನದಲ್ಲಿ ಮೆಟ್ರೊ ನಿಲ್ದಾಣ ಎಂದಾಯಿತು. 2017ರಲ್ಲಿ ನಾಗರಿಕರು ಬೀದಿಗಿಳಿದು ವಿರೋಧಿಸಿದರು. ಎರಡು ನಿಲ್ದಾಣಗಳ ನಡುವೆ ಸುಮಾರು ಒಂದು ಕಿಲೋಮೀಟರ್ ನಡೆಯಬೇಕಾಗುತ್ತದೆಂಬುದು ಅವರ ದೂರು. ಖರ್ಚು ಮತ್ತು ಸಮಯ ಉಳಿಯುತ್ತದೆಂಬುದು ಮೆಟ್ರೊ ನಿಗಮದ ಸಮರ್ಥನೆ. ಕೊನೆಗೆ ಮೈದಾನವೇ ಗೆದ್ದಿತು. 2021ರ ಸೆಪ್ಟೆಂಬರಿನಲ್ಲಿ ಸುರಂಗದ ಯಂತ್ರ ಆ ಕಡೆಯಿಂದ ಕೊರೆದುಕೊಂಡು ಶಿವಾಜಿನಗರ ತಲುಪಿತು. 2024ರ ಅಕ್ಟೋಬರಿಗೆ ಇಡೀ ಮಾರ್ಗದ ಸುರಂಗ ಕೊರೆಯುವ ಕೆಲಸ ಮುಗಿಯಿತು. ಆ ನಿಲ್ದಾಣ ಇನ್ನು ಕದಲುವಂತಿಲ್ಲ.

ನಿಗಮದವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ನೆಲದಡಿಯ ನಿಲ್ದಾಣಕ್ಕೆ ನೂರಾರು ಅಡಿ ಉದ್ದದ ಗುಂಡಿ ತೋಡಬೇಕು. ರೈಲ್ವೆಯವರ ಜಾಗವಾದರೆ ರೈಲ್ವೆಯವರ ಒಪ್ಪಿಗೆ ಬೇಕು, ಓಡುವ ಗಾಡಿಗಳಿಗೆ ಅಪಾಯವಾಗಬಾರದು. ಮೈದಾನವಾದರೆ ಇಂಥ ತಂಟೆ ಕಡಿಮೆ. ಕಾಮಗಾರಿ ಬೇಗ ಮುಗಿದರೆ ಖರ್ಚೂ ಕಡಿಮೆ, ಆ ದುಡ್ಡೂ ನಮ್ಮದೇ. ಎಲ್ಲವನ್ನೂ ಒಪ್ಪೋಣ. ಆದರೆ ಎಷ್ಟು ಉಳಿಯಿತು ಎಂದು ಬರೆದ ಹಾಳೆಯಲ್ಲಿ ಅದನ್ನು ಯಾರಿಂದ ವಸೂಲು ಮಾಡುತ್ತೀರಿ ಎಂದೂ ಬರೆಯಬೇಡವೇ?

ನಾನು ಮೇಷ್ಟ್ರ ಕಸುಬಿನವಳು, ಏಳನೇ ತರಗತಿಯ ಲೆಕ್ಕ ಮಾಡುತ್ತೇನೆ. ಹೋಗುವಾಗ ಒಂದು ಕಿಲೋಮೀಟರ್, ಬರುವಾಗ ಒಂದು. ತಿಂಗಳಿಗೆ ಇಪ್ಪತ್ತೈದು ದಿನ ಕೆಲಸವಾದರೆ 50 ಕಿಲೋಮೀಟರ್, ವರ್ಷಕ್ಕೆ 600. ಹೆಚ್ಚುಕಡಿಮೆ ಬೆಂಗಳೂರಿನಿಂದ ಕಲಬುರಗಿಯವರೆಗೆ ನಡೆದಂತೆ! ದಿನಕ್ಕೆ ಹತ್ತು ಸಾವಿರ ಮಂದಿ ಹೀಗೆ ಒಂದು ಸಲ ನಡೆದರು, ತಲೆಗೆ ಹದಿನೈದು ನಿಮಿಷ ಹಿಡಿಯಿತು ಎಂದು ಇಟ್ಟುಕೊಳ್ಳಿ. ಒಂದೂವರೆ ಲಕ್ಷ ನಿಮಿಷ, ಅಂದರೆ 2500 ಗಂಟೆ. ಎಂಟು ಗಂಟೆಗೆ ಒಂದು ಆಳಿನಂತೆ ಹಿಡಿದರೆ ಮುನ್ನೂರಕ್ಕೂ ಹೆಚ್ಚು ಆಳಿನ ದುಡಿಮೆ ದಿನವೂ ರಸ್ತೆಯಲ್ಲಿ ಸೋರಿಹೋಯಿತು. ಮಂದಿ ಅರ್ಧವೇ ಇರಲಿ, ನೂರೈವತ್ತು ಆಳಿನ ಕೂಲಿಯಾದರೂ ಆಯಿತಲ್ಲ. ನಿಲ್ದಾಣವೆಂದರೆ ನೂರು ವರ್ಷ ಬಾಳುವ ವಸ್ತು. ಕಟ್ಟುವಾಗ ಉಳಿಸಿದ್ದನ್ನು ನೂರು ವರ್ಷದ ಈ ಸೋರಿಕೆಯ ಪಕ್ಕದಲ್ಲಿಟ್ಟು ನೋಡಿ.

ಈ ನಡಿಗೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಹೆಂಗಸರಾದ ನಾವಾದರೂ ಹೇಳಬೇಕು. ಕೈಬೀಸಿಕೊಂಡು ಹೋಗುವ ಗಂಡಸಿಗೆ ಒಂದು ಕಿಲೋಮೀಟರ್ ಹತ್ತು ನಿಮಿಷ. ಸೊಂಟದಲ್ಲಿ ಮಗು, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಫೈಲು ಹಿಡಿದವಳಿಗೆ? ನನ್ನ ಅಕ್ಕನನ್ನು ಎದೆಯ ತಪಾಸಣೆಗೆ ಜಯದೇವಕ್ಕೆ ಕರೆದುಕೊಂಡು ಹೋಗುತ್ತಿದ್ದ ದಿನಗಳಲ್ಲಿ ನಾವು ದಂಡಿನಲ್ಲೇ ಇಳಿಯುತ್ತಿದ್ದೆವು. ಹೇಗಿದ್ದೀತು ನೋಡೋಣವೆಂದು ಒಂದು ಸಲ ಬಂಬೂ ಬಜಾರಿನವರೆಗೆ ನಡೆದೆವು. ಅಕ್ಕ ಎರಡು ಕಡೆ ನಿಂತು ಸುಧಾರಿಸಿಕೊಂಡಳು. "ಲೇ, ನಡೆಯೋಕೆ ಆಗೋ ಹಾಗಿದ್ರೆ ನಾನು ಆಸ್ಪತ್ರೆಗೆ ಯಾಕೆ ಬರ್ತಿದ್ದೆ?" ಎಂದಳು. ನಾನು ಅವಳನ್ನು ಅಲ್ಲೇ ಆಟೋ ಹತ್ತಿಸಿದೆ.

ಹಗಲಿನ ಮಾತು ಇದು. ಸಂಜೆ ಏಳರ ಮೇಲೆ, ಮಳೆಗಾಲದಲ್ಲಿ, ದೀಪ ಹೋದ ಬೀದಿಯಲ್ಲಿ ಅದೇ ಕಿಲೋಮೀಟರ್ ಎರಡಾಗುತ್ತದೆ. ಹೆಣ್ಣುಮಗಳು ಹೊರಗೆ ದುಡಿಯಲು ಹೋಗಬೇಕೋ ಬೇಡವೋ ಎಂದು ಮನೆಯಲ್ಲಿ ತೀರ್ಮಾನವಾಗುವುದು ಸಂಬಳದ ಮೇಲೆ ಮಾತ್ರವಲ್ಲ. "ರೈಲು ಇಳಿದಮೇಲೆ ಎಷ್ಟು ದೂರ? ದಾರಿ ಹೇಗಿದೆ?" ಎಂದು ಅಪ್ಪ ಕೇಳುತ್ತಾನೆ, ಗಂಡ ಕೇಳುತ್ತಾನೆ, ಅತ್ತೆ ಕೇಳುತ್ತಾಳೆ. ನಿಲ್ದಾಣ ಒಂದು ಕಿಲೋಮೀಟರ್ ಆಚೆ ಸರಿದರೆ ಎಷ್ಟು ಹುಡುಗಿಯರ ಕೆಲಸ ಮನೆಯಲ್ಲೇ ನಿಂತುಹೋಗಬಹುದು? ಅದನ್ನು ಯಾವ ಹಾಳೆಯಲ್ಲೂ ಬರೆಯುವುದಿಲ್ಲ.

ನಡೆಯಲಾಗದಿದ್ದರೆ ಆಟೋ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಆದರೆ ಮೆಟ್ರೊ ದರ 2025ರ ಫೆಬ್ರವರಿಯಲ್ಲಿ ಏರಿ, ಹೆಚ್ಚೆಂದರೆ 60 ರೂಪಾಯಿ ಇದ್ದದ್ದು 90 ರೂಪಾಯಿ ಆಯಿತು. ಅದರ ಮೇಲೆ ಆಟೋದವನಿಗೂ ಕೊಡುವ ಶಕ್ತಿ ಗಾರ್ಮೆಂಟ್ಸಿನ ಹುಡುಗಿಗೆ ಎಲ್ಲಿದೆ? ನಿಗಮ ಉಳಿಸಿದ ದುಡ್ಡೇ ಅವಳ ಪರ್ಸಿನಿಂದ ಚಿಲ್ಲರೆಯಾಗಿ ಹೋಗುತ್ತದೆ. ಎರಡು ನಿಲ್ದಾಣಗಳಿಗೂ ಮುಂದೆ ಒಂದು ಸುರಂಗದಾರಿ ಮಾಡೋಣ, ಮೇಲುಸೇತುವೆ ಮಾಡೋಣ ಎಂಬ ಸಮಾಧಾನವೂ ಇಂಥ ಕಡೆಗಳಲ್ಲೆಲ್ಲ ಕೇಳಿಬರುತ್ತದೆ. ಆಗ ಈ ಜಾಗ ನಿಮ್ಮದು, ಆ ಜಾಗ ನಮ್ಮದು ಎಂದು ಎರಡು ಇಲಾಖೆಗಳಿಗೆ ಮಾತು ಬೆಳೆಯುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಲ್ಲಿ ಕೂಸು ನಾವು.

ಇನ್ನು ಮೈದಾನದ ಮಾತು. ಜಾಗ ಹುಡುಕುವವರ ನಕ್ಷೆಯಲ್ಲಿ ಮೈದಾನ ಯಾವಾಗಲೂ 'ಖಾಲಿ ಜಾಗ'. ಮೂವತ್ತು ವರ್ಷ ಮಕ್ಕಳನ್ನು ಆಟಕ್ಕೆ ಬಿಟ್ಟವಳಾಗಿ ಹೇಳುತ್ತೇನೆ, ಮೈದಾನದಷ್ಟು ತುಂಬಿದ ಜಾಗ ಊರಿನಲ್ಲಿ ಇನ್ನೊಂದಿಲ್ಲ. ಅಂಗಡಿಯವನು ಜಾಗ ಬಿಡಬೇಕಾದರೆ ಪರಿಹಾರ ಕೇಳುತ್ತಾನೆ, ಮನೆಯವನು ಕೋರ್ಟಿಗೆ ಹೋಗುತ್ತಾನೆ. ಮಕ್ಕಳು ಏನೂ ಕೇಳುವುದಿಲ್ಲ. ಅದಕ್ಕೇ ಅವರ ಜಾಗ ಎಲ್ಲರಿಗೂ ಅಗ್ಗ.

ದಂಡಿನ ಕಥೆ ಒಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ರೈಲುಗಳು ಹೊರಡತೊಡಗಿದವು. ಏಳು ಪ್ಲಾಟ್‌ಫಾರಂ, ಹವಾನಿಯಂತ್ರಿತ ಕಟ್ಟಡ, ನೋಡಲು ವಿಮಾನ ನಿಲ್ದಾಣದ ಹಾಗೆ. ಆದರೆ ಅದೇ ಹೆಸರಿನ ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿಲ್ಲ. ಹೆಸರು ನಂಬಿ ಮೆಟ್ರೊ ಇಳಿದವರು ಗಂಟುಮೂಟೆ ಹಿಡಿದು ಆಟೋ ಹುಡುಕಬೇಕು. ಅದಕ್ಕೂ ಮೊದಲು, 2014ರಲ್ಲಿ, ಪೀಣ್ಯದಲ್ಲಿ ಬಸವೇಶ್ವರರ ಹೆಸರಿನಲ್ಲಿ ದೊಡ್ಡ ಬಸ್ ನಿಲ್ದಾಣ ತೆರೆದರು. ಅಲ್ಲಿಂದ ಊರೊಳಗೆ ಹೋಗುವ ಸಂಪರ್ಕ ಸರಿಯಿಲ್ಲವೆಂದು ಜನ ಹೋಗಲೇ ಇಲ್ಲ, ಬಸ್ಸುಗಳು ಮತ್ತೆ ಮೆಜೆಸ್ಟಿಕ್ಕಿಗೇ ಬಂದವು. ಕೋಟಿಗಟ್ಟಲೆ ರೂಪಾಯಿಯ ಕಟ್ಟಡ ಭಣಗುಟ್ಟಿತು.

ಸರಿಯಾಗಿ ಮಾಡಲು ಬರುವುದೇ ಇಲ್ಲವೇ ಎಂದರೆ, ಬರುತ್ತದೆ. ನಮ್ಮ ಇದೇ ರೈಲಿನ ದಾರಿಯಲ್ಲಿ ವೈಟ್‌ಫೀಲ್ಡ್ ಇದೆ. 2023ರ ಮಾರ್ಚಿನಲ್ಲಿ ತೆರೆದ ಅಲ್ಲಿಯ ಮೆಟ್ರೊ ನಿಲ್ದಾಣ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಬೃಂದಾವನ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈಗೆ ಹೋದವರು ಸೆಂಟ್ರಲ್‌ನಲ್ಲಿ ಇಳಿದರೆ ಮುಂದುಗಡೆಯೇ ನೆಲದಡಿಯಲ್ಲಿ ಮೆಟ್ರೊ. ಮೆಜೆಸ್ಟಿಕ್ಕಿನಲ್ಲಿ ರೈಲು, ಬಸ್ಸು, ಮೆಟ್ರೊ ಮೂರೂ ಒಂದೇ ಕಡೆ ಸೇರಿದ್ದರಿಂದಲೇ ಅಲ್ಲಿ ಅಷ್ಟು ಜನ. ಕಷ್ಟ ಅಲ್ಲೂ ಇತ್ತು, ಖರ್ಚು ಅಲ್ಲೂ ಆಯಿತು. ಆದರೆ ಅದು ಒಂದು ಸಲದ ಖರ್ಚು.

ದಂಡಿನ ವಿಷಯ ಮುಗಿಯಿತು, ಈಗ ಗೋಳಾಡಿ ಏನು ಪ್ರಯೋಜನ ಎನ್ನುತ್ತೀರಾ? ಬೆಂಗಳೂರಿನ ಮೆಟ್ರೊ 2025ರ ಆಗಸ್ಟಿಗೆ 96 ಕಿಲೋಮೀಟರ್ ತಲುಪಿತು, ಇಷ್ಟಕ್ಕೇ ನಿಲ್ಲುವುದಿಲ್ಲ. ಮೂರನೇ ಹಂತಕ್ಕೆ 2024ರ ಆಗಸ್ಟಿನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು, ಅದರಲ್ಲೇ 31 ನಿಲ್ದಾಣಗಳಿವೆ. 148 ಕಿಲೋಮೀಟರ್ ಉದ್ದದ ಉಪನಗರ ರೈಲಿನ ಯೋಜನೆ ಬೇರೆ ಇದೆ. ಬೆಂಗಳೂರೇ ಏಕೆ? ಊರೊಳಗೆ ಜಾಗವಿಲ್ಲವೆಂದು ಹೊಸ ಬಸ್ ನಿಲ್ದಾಣವನ್ನು ಬೈಪಾಸಿನ ಬಯಲಿಗೆ ಹಾಕಿದ ಊರು ನಿಮ್ಮದೂ ಇರಬಹುದು. ಸಂತೆಯಿಂದ ತರಕಾರಿ ಚೀಲ ಹೊತ್ತು ಅಲ್ಲಿಯವರೆಗೆ ನಡೆಯುವವರು ಯಾರೆಂದು ನೀವೇ ನೋಡಿದ್ದೀರಿ.

ನಾನು ಕೇಳುವುದು ದೊಡ್ಡದೇನಲ್ಲ. ಎರಡು ಜಾಗಗಳನ್ನು ಹೋಲಿಸುವ ಹಾಳೆಯಲ್ಲಿ ಖರ್ಚಿನ ಕಾಲಮ್ಮಿನ ಪಕ್ಕ ಇನ್ನೊಂದು ಕಾಲಂ ಇರಲಿ. ಹಳೆಯ ನಿಲ್ದಾಣದಿಂದ ಹೊಸದಕ್ಕೆ ಎಷ್ಟು ಹೆಜ್ಜೆ? ತಲೆಯ ಮೇಲೆ ಸೂರಿದೆಯೇ, ದಾರಿಯಲ್ಲಿ ದೀಪವಿದೆಯೇ, ಮೆಟ್ಟಿಲು ಹತ್ತಲಾರದವರಿಗೆ ಲಿಫ್ಟ್ ಇದೆಯೇ? ಕುರ್ಚಿಯಲ್ಲಿ ಕುಳಿತು ಇದನ್ನು ತುಂಬಬಾರದು. ಒಬ್ಬ ಬಾಣಂತಿ, ಒಬ್ಬ ಮುದುಕಿ, ಪಾಳಿ ಮುಗಿಸಿ ಬರುವ ಒಬ್ಬ ಹುಡುಗಿ, ಈ ಮೂವರನ್ನು ಸಂಜೆ ಏಳಕ್ಕೆ ಎರಡೂ ಜಾಗಗಳಿಗೆ ನಡೆಸಬೇಕು, ಜೊತೆಯಲ್ಲಿ ಸಾಹೇಬರೂ ಚೀಲ ಹಿಡಿದು ನಡೆಯಬೇಕು. ಆಮೇಲೆ ರುಜು ಹಾಕಲಿ. ಆ ಹಾಳೆಯನ್ನು ತೀರ್ಮಾನಕ್ಕೆ ಮುಂಚೆ ಪತ್ರಿಕೆಯಲ್ಲಿ ಹಾಕಲಿ, ಆದಮೇಲೆ ಅಲ್ಲ. ಹೆಂಗಸರಾದ ನಾವೂ "ಇದೆಲ್ಲ ಗಂಡಸರ ವಿಷಯ, ಇಂಜಿನಿಯರುಗಳ ವಿಷಯ" ಎಂದು ಅಡಿಗೆಮನೆಯಿಂದಲೇ ಗೊಣಗುವುದನ್ನು ಬಿಟ್ಟು, ಸಭೆ ಕರೆದಾಗ ಹೋಗಿ ಕುಳಿತು, ಹೇಳಿದ್ದನ್ನು ಬರೆದುಕೊಳ್ಳುವವರೆಗೂ ಏಳಬಾರದು.

ಹೋದ ವರ್ಷ ಮನೆಯ ರಿಪೇರಿಗೆ ಅದೇ ಮೇಸ್ತ್ರಿಯ ಮಗ ಬಂದಿದ್ದ. ಒಗೆಯುವ ಕಲ್ಲನ್ನು ಮೆಟ್ಟಿಲಿನ ಹತ್ತಿರ ಹಾಕಿಕೊಡಪ್ಪ ಎಂದೆ. ನೆಲ ಅಗೆಯಬೇಕು, ಟೈಲ್ಸ್ ಒಡೆಯಬೇಕು, ಅಂದಿನದರ ಹತ್ತರಷ್ಟು ಖರ್ಚು ಎಂದ. "ಕಟ್ಟುವಾಗಲೇ ಹೇಳಬಾರದಿತ್ತಾ ಅಮ್ಮ?" ಎಂದೂ ಕೇಳಿದ.

ಹೇಳಿದ್ದೆ, ಅವರಪ್ಪ ಬರೆದುಕೊಳ್ಳಲಿಲ್ಲ.