‘ತಲುಪಿದೆ’ ಅನ್ನೋಕೆ ಎಷ್ಟು ಹೊತ್ತು ಬೇಕು?

ನಮ್ಮಜ್ಜಿ ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಅಂತ ಯಾವತ್ತೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಹೋದ ಕೆಲಸ ಆಗೋದಿಲ್ಲವಂತೆ. ‘ದೂರ ಹೊರಟ್ಯೇನವ್ವಾ?’ ಅನ್ನುತ್ತಿದ್ದರು. ಹೊರಟವರಿಗೂ ಒಂದು ನಿಯಮವಿತ್ತು. ‘ಹೋಗ್ತೀನಿ’ ಅನ್ನುವಂತಿಲ್ಲ, ‘ಹೋಗ್ಬರ್ತೀನಿ’ ಅನ್ನಬೇಕು. ‘ಸಂತೆಗೆ ಹೋಗ್ಬರ್ತೀನಿ ಅಜ್ಜಿ, ದೀಪ ಹಚ್ಚೋ ಹೊತ್ತಿಗೆ ಬಂದ್ಬಿಡ್ತೀನಿ’ ಅಂದರೆ ಮುಗಿಯಿತು. ಎಲ್ಲಿಗೆ ಅಂತ ಕೇಳದೆಯೇ ಅಜ್ಜಿಗೆ ಎಲ್ಲಿಗೆ ಅನ್ನುವುದೂ ಗೊತ್ತಾಗುತ್ತಿತ್ತು, ಬರೋದು ಯಾವಾಗ ಅನ್ನುವುದೂ ಗೊತ್ತಾಗುತ್ತಿತ್ತು!

ಈಗ ನಾವು ಕೇಳುವ ಪ್ರಶ್ನೆಗಳನ್ನು ನೋಡಿ. ಎಲ್ಲಿದ್ದೀಯ? ಯಾರ ಜೊತೆ? ಅಲ್ಯಾಕೆ ಅಷ್ಟು ಗಲಾಟೆ? ಫೋನ್ ಯಾಕೆ ಎತ್ತಲಿಲ್ಲ? ಆನ್‌ಲೈನ್ ಇದ್ದೂ ಮೆಸೇಜ್ ಯಾಕೆ ನೋಡಲಿಲ್ಲ? ಇಷ್ಟೆಲ್ಲ ಕೇಳಿಯೂ ಮಕ್ಕಳು ಎಲ್ಲಿದ್ದಾರೆ ಅನ್ನುವುದು ನಮಗೆ ಗೊತ್ತಿರುತ್ತದೆಯೇ? ಇಲ್ಲ ಅನ್ನುವುದು ನನಗೆ ಕಳೆದ ವರ್ಷ ಶ್ರಾವಣದ ಒಂದು ಭಾನುವಾರ ಅರ್ಥವಾಯಿತು.

ಬೆಳಿಗ್ಗೆ ಏಳೂಕಾಲಿರಬೇಕು. ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತಿದ್ದೆ. ಗುರುತಿಲ್ಲದ ನಂಬರಿನಿಂದ ಫೋನು. ಸಾಲ ಕೊಡ್ತೀವಿ ಅನ್ನುವವರಿರಬೇಕು ಅಂತ ಎತ್ತದೆ ಬಿಡೋಣ ಅಂದುಕೊಂಡೆ. ಯಾಕೋ ಎತ್ತಿದೆ. ‘ಚಿಕ್ಕಮ್ಮ, ನಾನು. ಗಾಬರಿ ಆಗ್ಬೇಡಿ. ಮೊದಲು ಅಮ್ಮಂಗೆ ಹೇಳಲ್ಲ ಅಂತ ಹೇಳಿ.’

ಅಕ್ಕನ ಮಗಳು. ವಯಸ್ಸು ಇಪ್ಪತ್ಮೂರು, ಇಲ್ಲೇ ಬೆಂಗಳೂರಿನಲ್ಲಿ ಕೆಲಸ, ಪಿ.ಜಿ.ಯಲ್ಲಿ ವಾಸ. ಅಕ್ಕ ಭಾವ ಇರುವುದು ತಿಪಟೂರಿನಲ್ಲಿ. ಹಿಂದಿನ ರಾತ್ರಿ ಅಮ್ಮನಿಗೆ ‘ನಾಳೆ ಭಾನುವಾರ, ಮಧ್ಯಾಹ್ನದ ತನಕ ಮಲಗ್ತೀನಿ, ಫೋನ್ ಮಾಡ್ಬೇಡ’ ಅಂದಿದ್ದಾಳೆ. ಬೆಳಗಿನ ನಾಲ್ಕಕ್ಕೆ ಮೂವರು ಸಹೋದ್ಯೋಗಿಗಳ ಜೊತೆ ಎರಡು ಬೈಕಿನಲ್ಲಿ ನಂದಿಬೆಟ್ಟಕ್ಕೆ ಹೊರಟಿದ್ದಾಳೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ಅಷ್ಟೆ. ಸೂರ್ಯೋದಯ ನೋಡಲು ಹೋದವರಿಗೆ ಕಂಡದ್ದು ಮಂಜು ಮತ್ತು ತುಂತುರು. ವಾಪಸ್ ಬರುವಾಗ ದೇವನಹಳ್ಳಿಯ ಹತ್ತಿರ ಬೈಕು ಜಾರಿತು. ಮಣಿಕಟ್ಟು ಮುರಿದಿತ್ತು. ಫೋನು ಪುಡಿಪುಡಿ. ನರ್ಸ್ ಒಬ್ಬರ ಫೋನಿನಿಂದ ನನಗೆ ಮಾಡಿದ್ದಳು. ನನಗೇ ಯಾಕೆ? ಇಪ್ಪತ್ತು ವರ್ಷದಿಂದ ನನ್ನ ನಂಬರು ಬದಲಾಗಿಲ್ಲ, ಬಾಯಿಪಾಠ ಇದ್ದದ್ದು ಅದೊಂದೇ. ಅಮ್ಮನ ನಂಬರು ಅವಳಿಗೆ ಬಾಯಿಗೆ ಬರುತ್ತಿರಲಿಲ್ಲ.

ನಾವಿಬ್ಬರೂ ಓಡಿದೆವು. ಆಸ್ಪತ್ರೆಯಲ್ಲಿ ರಕ್ತದ ಗುಂಪು ಯಾವುದು, ಯಾವುದಾದರೂ ಔಷಧಿ ಆಗೋದಿಲ್ಲವಾ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹತ್ತು ಗಂಟೆಗೆ ಅಕ್ಕನ ಫೋನು ಬಂತು. ‘ಅವಳ ಫೋನ್ ಸ್ವಿಚ್ ಆಫ್ ಬರ್ತಿದೆ ಕಣೇ. ಮಲಗಿರ್ಬೇಕು. ಆದ್ರೂ ಯಾಕೋ ಹೊಟ್ಟೆಯೊಳಗೆ ಸಂಕಟ.’ ನಾನು ಏನಂದೆ ಗೊತ್ತೇ? ‘ಚಾರ್ಜ್ ಇರಲ್ಲ ಬಿಡಕ್ಕ’ ಅಂದೆ. ಪಕ್ಕದ ಮಂಚದ ಮೇಲೆ ಅವಳ ಮಗಳು ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದಳು. ಒಂದೂವರೆ ಗಂಟೆ ಆ ಸುಳ್ಳನ್ನು ಹೊತ್ತುಕೊಂಡಿದ್ದೆ. ಆಮೇಲೆ ತಡೆಯಲಾಗದೆ ನಾನೇ ಫೋನ್ ಮಾಡಿ ಹೇಳಿದೆ. ‘ಅಯ್ಯೋ’ ಅಂದ ಅಕ್ಕನ ಬಾಯಿಂದ ಬಂದ ಮೊದಲ ಪ್ರಶ್ನೆ: ‘ಗಾಡಿ ಓಡಿಸ್ತಿದ್ದೋನು ಯಾರು?’

ಸ್ಪೀಕರಿನಲ್ಲಿ ಅದು ಮಗಳಿಗೂ ಕೇಳಿಸಿತು. ‘ನೋಡಿದ್ರಾ ಚಿಕ್ಕಮ್ಮ? ಇದಕ್ಕೇ ನಾನು ಹೇಳಲ್ಲ’ ಅಂದಳು.

ಅಕ್ಕ ನನ್ನ ಜೊತೆ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. ಅವಳ ಕೋಪ ನ್ಯಾಯವೇ. ಕೈ ಬದಲು ತಲೆಗೆ ಪೆಟ್ಟಾಗಿದ್ದರೆ? ಪಿ.ಜಿ.ಯಲ್ಲಿ ಮಲಗಿದ್ದಾಳೆ ಅಂದುಕೊಂಡೇ ಅವಳು ಮಧ್ಯಾಹ್ನದ ಅಡುಗೆ ಮಾಡಿಕೊಂಡಿರುತ್ತಿದ್ದಳು. ಆದರೆ ಹುಡುಗಿಯ ಮಾತನ್ನೂ ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಡಿಗ್ರಿಯ ಎರಡನೇ ವರ್ಷದಲ್ಲಿ ಒಮ್ಮೆ, ಕ್ಲಾಸಿನವರ ಜೊತೆ ತಲಕಾಡಿಗೆ ಹೋಗ್ತೀನಿ ಅಂತ ನಿಜವನ್ನೇ ಹೇಳಿದ್ದಳು. ಹೋಗಿ ಬಂದ ಮೇಲೆ ಒಂದು ವಾರ ಮನೆಯಲ್ಲಿ ರಾಮಾಯಣ. ಯಾರ್ಯಾರು ಬಂದಿದ್ದರು, ಹುಡುಗರು ಎಷ್ಟು ಜನ, ಫೋಟೋದಲ್ಲಿ ಪಕ್ಕ ನಿಂತವನು ಯಾರು... ಮುಂದಿನ ಸಲದಿಂದ ಅವಳು ‘ಲೈಬ್ರರಿ’ಗೆ ಹೋಗತೊಡಗಿದಳು. ಲೈಬ್ರರಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ನಿಜ ಹೇಳಿದ್ದಕ್ಕೆ ದಂಡ, ಸುಳ್ಳಿಗೆ ನೆಮ್ಮದಿ. ಇಷ್ಟಾದ ಮೇಲೆ ಮಕ್ಕಳು ಯಾವುದನ್ನು ಕಲಿಯುತ್ತಾರೆ, ನೀವೇ ಹೇಳಿ.

‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಅನ್ನುವ ಮಾತು ನನ್ನ ಬಾಯಿಗೂ ಬರುತ್ತದೆ. ಆದರೆ ನಮ್ಮ ಕಾಲವೇನೂ ಅಷ್ಟು ಹಳೆಯದಲ್ಲ. 2007ರಲ್ಲಿ ನಾನು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಅಪ್ಪ ಒಂದು ಪುಟ್ಟ ನೋಕಿಯಾ ಕೊಡಿಸಿದ್ದರು. ಕರೆನ್ಸಿ ಹಾಕಿಸಲು ಕೈಯಲ್ಲಿ ದುಡ್ಡಿರುತ್ತಿರಲಿಲ್ಲ. ಹಾಗಾಗಿ ಮಿಸ್ಡ್ ಕಾಲ್ ಲೆಕ್ಕ. ಒಂದು ಮಿಸ್ಡ್ ಕಾಲ್ ಅಂದರೆ ಬಸ್ ಹತ್ತಿದೆ. ಎರಡು ಅಂದರೆ ತಲುಪಿದೆ. ಮೂರು ಅಂದರೆ ನೀವೇ ಫೋನ್ ಮಾಡಿ. ಒಂದು ಪೈಸೆ ಖರ್ಚಿಲ್ಲ, ಒಂದು ಪ್ರಶ್ನೆಯೂ ಇಲ್ಲ. ಅಪ್ಪ ಎರಡು ಸಲ ರಿಂಗಾದದ್ದು ಕೇಳಿ ಮಲಗುತ್ತಿದ್ದರಂತೆ.

ಒಂದು ಭಾನುವಾರ ಊರಿಂದ ಹೊರಟವಳು ಒಂದು ಕೊಟ್ಟೆ, ಎರಡು ಕೊಡಲಿಲ್ಲ. ಚಾರ್ಜು ಮುಗಿದಿತ್ತು. ಹಾಸ್ಟೆಲಿಗೆ ಬಂದು ಗೆಳತಿಯರ ಜೊತೆ ಹರಟುತ್ತಾ ಮರೆತೇಬಿಟ್ಟೆ. ರಾತ್ರಿ ಹತ್ತೂವರೆಗೆ ವಾಚ್‌ಮನ್ ಕೂಗಿದ. ಗೇಟಿನ ಹೊರಗೆ ಅಪ್ಪ ನಿಂತಿದ್ದರು. ಚನ್ನರಾಯಪಟ್ಟಣದಿಂದ ಸಿಕ್ಕಿದ ಬಸ್ ಹತ್ತಿ ಬಂದಿದ್ದರು. ಬೈತಾರೆ ಅಂದುಕೊಂಡೆ. ‘ಊಟ ಆಯ್ತಾ?’ ಅಂದರು. ಆಯ್ತು ಅಂದೆ. ‘ಸರಿ, ಒಳಗೆ ಹೋಗು, ಚಳಿ’ ಅಂದು ಹೊರಟುಹೋದರು. ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದು ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೋದರು ಅಂತ ಆಮೇಲೆ ಅಮ್ಮನಿಂದ ಗೊತ್ತಾಯಿತು. ಅವತ್ತಿನಿಂದ ಇವತ್ತಿನವರೆಗೆ ‘ತಲುಪಿದೆ’ ಅನ್ನುವುದನ್ನು ನಾನು ತಪ್ಪಿಸಿಲ್ಲ. ಅಪ್ಪ ಅವತ್ತು ಗೇಟಿನಲ್ಲಿ ನಿಂತು ಕೂಗಾಡಿದ್ದರೆ ನಾನೂ ಲೈಬ್ರರಿ ದಾರಿ ಹಿಡಿಯುತ್ತಿದ್ದೆನೋ ಏನೋ!

ಹದಿನೆಂಟು ತುಂಬಿದವರು ಕಾನೂನಿನ ಲೆಕ್ಕದಲ್ಲಿ ವಯಸ್ಕರು. ‘ಪ್ರೈವೆಸಿ’ ಅನ್ನುವ ಪದ ಈಗಿನ ಮಕ್ಕಳ ನಾಲಗೆಯ ತುದಿಯಲ್ಲೇ ಇರುತ್ತದೆ, ಅದನ್ನು ಕೇಳಿ ನಮಗೆ ಮೈ ಉರಿಯುತ್ತದೆ. ಆದರೆ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಯಾರ ಅರ್ಜಿಯ ಮೇಲೆ ಗೊತ್ತೇ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಆಧಾರ್ ವಿಚಾರವಾಗಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಇದು ಹುಡುಗು ಬುದ್ಧಿಯ ಮಾತು ಅನ್ನುವ ಹಾಗಿಲ್ಲ.

ಹಾಗಾದರೆ ತಾಯಂದಿರು ಸುಮ್ಮನೆ ಕೂರಬೇಕೇ? ಖಂಡಿತ ಇಲ್ಲ. ‘ಹೋಗಲಾ?’ ಅಂತ ಕೇಳುವುದು ಬೇರೆ, ‘ಹೋಗ್ಬರ್ತೀನಿ’ ಅಂತ ಹೇಳುವುದು ಬೇರೆ. ಮೊದಲನೆಯದು ಅಪ್ಪಣೆ. ದುಡಿಯುವ ಮಗಳಿಂದ, ಓದುವ ಮಗನಿಂದ ಅದನ್ನು ದಿನಾ ಕೇಳಿಸಿಕೊಳ್ಳುವ ಆಸೆ ನಾವು ಬಿಡಬೇಕು. ಎರಡನೆಯದು ಸುದ್ದಿ. ಅದನ್ನು ಕೊಡಲು ಅವರು ಹಿಂದೆಮುಂದೆ ನೋಡಬಾರದು. ಮಕ್ಕಳು ಇವೆರಡನ್ನೂ ಒಂದೇ ಅಂದುಕೊಂಡಿದ್ದಾರೆ. ಯಾಕೆಂದರೆ ಅವರು ಸುದ್ದಿ ಕೊಟ್ಟಾಗಲೆಲ್ಲ ನಾವು ಅಪ್ಪಣೆ ಕೊಡಲು ಕೂರುತ್ತೇವೆ.

ಮ್ಯಾಪಿನೊಳಗಿನ ಮಗ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರಿದ್ದಾರೆ. ಮಗನ ಫೋನಿನ ಲೊಕೇಶನ್ ಇಪ್ಪತ್ನಾಲ್ಕು ಗಂಟೆಯೂ ಇವರ ಫೋನಿಗೆ ಬರುವ ಹಾಗೆ ಮಾಡಿಸಿಕೊಂಡಿದ್ದರು. ಒಗ್ಗರಣೆ ಹಾಕುತ್ತಾ ಒಂದು ಕಣ್ಣು ಅದರ ಮೇಲೆ. ‘ಸಿಲ್ಕ್ ಬೋರ್ಡಿನಲ್ಲಿ ಅರ್ಧ ಗಂಟೆಯಿಂದ ಯಾಕೋ ನಿಂತಿದ್ದೀಯ?’ ಅಂತ ಫೋನು. ಸಿಲ್ಕ್ ಬೋರ್ಡಿನಲ್ಲಿ ನಿಲ್ಲದೆ ಹೋದವರು ಯಾರಿದ್ದಾರೆ ಹೇಳಿ! ಕೊನೆಗೆ ಮಗ ಉಪಾಯ ಕಂಡುಕೊಂಡ. ಹಳೆಯ ಫೋನೊಂದನ್ನು ಆಫೀಸಿನ ಡ್ರಾಯರಿನಲ್ಲಿಟ್ಟು ಅದರ ಲೊಕೇಶನ್ ಅಮ್ಮನಿಗೆ ಕೊಟ್ಟ. ಅಮ್ಮ ಈಗ ನಿಶ್ಚಿಂತೆ. ಮಗ ಭಾನುವಾರವೂ ಆಫೀಸಿನಲ್ಲೇ ಇರುತ್ತಾನಲ್ಲ, ಪಾಪ ಎಷ್ಟು ಕೆಲಸ ಅಂತ ಮರುಗುತ್ತಾರೆ.

ಲೊಕೇಶನ್ ಕಳಿಸುವುದು ಕೆಟ್ಟದ್ದೇನಲ್ಲ. ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ನಿನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಆಯ್ಕೆ ಇರುತ್ತದೆ, ಸಮಯ ಮುಗಿದರೆ ತಾನಾಗಿಯೇ ನಿಲ್ಲುತ್ತದೆ. ರಾತ್ರಿ ಕ್ಯಾಬ್ ಹತ್ತಿದಾಗ, ಬೆಟ್ಟ ಹತ್ತಲು ಹೋದಾಗ ಮಗಳೇ ಕಳಿಸಿದರೆ ಅಷ್ಟು ಸಾಕು. ಬೆಟ್ಟದಲ್ಲಿ ಸಿಗ್ನಲ್ ಸಿಗದೆ, ಚಾರ್ಜ್ ಇಲ್ಲದೆ ಗುರುತು ಒಂದೇ ಕಡೆ ನಿಂತುಬಿಡುವುದೂ ಉಂಟು. ಅದನ್ನು ನೋಡಿ ಎದೆ ಹೊಡೆದುಕೊಳ್ಳಬೇಡಿ. ಮ್ಯಾಪಿಗಿಂತ ಮಾತು ವಾಸಿ. ಎಲ್ಲಿಗೆ, ವಾಪಸ್ ಎಷ್ಟು ಹೊತ್ತಿಗೆ, ಜೊತೆಗಿರುವವರಲ್ಲಿ ಒಬ್ಬರ ನಂಬರು, ಇಷ್ಟು ತಿಳಿದರೆ ಸಾಕು. ಫೋನಿನ ಸೆಟ್ಟಿಂಗ್‌ನಲ್ಲಿ ಎಮರ್ಜೆನ್ಸಿ ಮಾಹಿತಿ ಅಂತ ಇರುತ್ತದೆ. ರಕ್ತದ ಗುಂಪು, ಮನೆಯವರ ನಂಬರು ಹಾಕಿಟ್ಟರೆ ಲಾಕ್ ತೆಗೆಯದೆಯೇ ಬೇರೆಯವರು ನೋಡಬಹುದು. ಅಕ್ಕನ ಮಗಳ ಫೋನಿನ ಹಾಗೆ ಫೋನೇ ಪುಡಿಯಾದರೆ ಅದೂ ಇಲ್ಲ. ಆದ್ದರಿಂದ ಪರ್ಸಿನಲ್ಲಿ ಒಂದು ಚೀಟಿ ಇರಲಿ. ಮನೆಯ ಒಂದು ನಂಬರಾದರೂ ಬಾಯಿಪಾಠ ಇರಲಿ. ಇವತ್ತೇ ನಿಮ್ಮ ಮಕ್ಕಳನ್ನು ಕೇಳಿ ನೋಡಿ, ಎಷ್ಟು ಜನಕ್ಕೆ ನಿಮ್ಮ ನಂಬರು ಗೊತ್ತಿದೆ ಅಂತ!

ಹೇಳಿದ ಹೊತ್ತು ಮೀರಿತು, ಫೋನು ಸಿಗುತ್ತಿಲ್ಲ. ಆಗ? ಮೊದಲು ಜೊತೆಗಿದ್ದವರ ನಂಬರಿಗೆ ಮಾಡಿ. ಆಮೇಲೆ ಪಿ.ಜಿ.ಗೆ. ಹತ್ತು ನಿಮಿಷ ತಡವಾದದ್ದಕ್ಕೆ ಅವರ ಮ್ಯಾನೇಜರಿಗೆ ಫೋನ್ ಮಾಡಬೇಡಿ ದಯವಿಟ್ಟು, ಮಾರನೇ ದಿನ ಆಫೀಸಿನಲ್ಲಿ ತಲೆ ತಗ್ಗಿಸಿ ಕೂರಬೇಕಾದವರು ಮಕ್ಕಳು. ನಿಜವಾಗಿಯೂ ಅನುಮಾನ ಬಂದರೆ ಮಾತ್ರ ತಡಮಾಡಬೇಡಿ. 112ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ. ಕಾಣೆಯಾದವರ ಬಗ್ಗೆ ದೂರು ಕೊಡಲು 24 ಗಂಟೆ ಕಾಯಬೇಕು ಅನ್ನುವುದು ಸಿನಿಮಾ ನೋಡಿ ಬಂದ ನಂಬಿಕೆ. ಅಂಥ ನಿಯಮವೇನೂ ಇಲ್ಲ.

ಇನ್ನೊಂದು ಮಾತು. ಈ ಪ್ರಶ್ನೆಗಳೆಲ್ಲ ಹೆಣ್ಣುಮಕ್ಕಳಿಗೇ ಯಾಕೆ? ಅಕ್ಕನ ಮಗ ರಾತ್ರಿ ಹನ್ನೊಂದಕ್ಕೆ ಬೈಕ್ ತೆಗೆದರೆ ‘ಗಂಡುಹುಡುಗ, ಬರ್ತಾನೆ ಬಿಡು.’ ಮಳೆಯಲ್ಲಿ ಜಾರುವ ರಸ್ತೆಗೆ ಗಂಡು ಹೆಣ್ಣು ಗೊತ್ತಾಗುತ್ತದೆಯೇ? ತಮ್ಮನನ್ನು ಕೇಳದ್ದನ್ನು ತನ್ನನ್ನು ಮಾತ್ರ ಕೇಳಿದರೆ ಅದು ಕಾಳಜಿ ಅಂತ ಯಾವ ಹುಡುಗಿ ನಂಬುತ್ತಾಳೆ?

ನಾವೂ ಏನು ಕಡಿಮೆಯಿಲ್ಲ. ಮೊನ್ನೆ ಅಕ್ಕ ಫೋನನ್ನು ಚಾರ್ಜಿಗೆ ಹಾಕಿ ಪಕ್ಕದ ಬೀದಿಯ ಅರಿಶಿನ ಕುಂಕುಮಕ್ಕೆ ಹೋಗಿ ಮೂರು ಗಂಟೆ ಕೂತಿದ್ದಳು. ಇಲ್ಲಿ ಮಗಳು ಒಂಬತ್ತು ಸಲ ಫೋನ್ ಮಾಡಿ, ನನಗೂ ಮಾಡಿ, ‘ಹೇಳಿ ಹೋಗೋಕೆ ಏನಾಗಿತ್ತು ಅಮ್ಮಂಗೆ?’ ಅಂತ ಅಳುವುದೊಂದು ಬಾಕಿ. ನನಗೆ ಒಳಗೊಳಗೇ ನಗು ಬಂತು. ಆದರೆ ಅವತ್ತಿನಿಂದ ಅಕ್ಕನೂ ‘ಗುಡಿಗೆ ಹೊರಟೆ’ ಅಂತ ಮೆಸೇಜ್ ಹಾಕುತ್ತಾಳೆ.

ಕಳೆದ ಶನಿವಾರ ರಾತ್ರಿ ಮಗಳು ಅಮ್ಮನಿಗೆ ಕಳಿಸಿದ ಮೆಸೇಜು ಇಷ್ಟೇ: ‘ನಾಳೆ ಸಾವನದುರ್ಗ. ನಾಲ್ಕು ಜನ. ಸಂಜೆ ಆರರೊಳಗೆ ವಾಪಸ್.’ ಕೆಳಗೆ ಗೆಳತಿಯ ನಂಬರು. ಅಕ್ಕ ಅದಕ್ಕೆ ಒಂದು ಹೆಬ್ಬೆಟ್ಟಿನ ಚಿತ್ರ ಹಾಕಿದಳು, ಬೇರೇನೂ ಕೇಳಲಿಲ್ಲ. ಎರಡು ನಿಮಿಷಕ್ಕೆ ಅದೇ ಮೆಸೇಜು ನನಗೆ ಬಂತು, ಕೆಳಗೆ ಎರಡು ಪ್ರಶ್ನೆಗಳೊಂದಿಗೆ. ‘ಸಾವನದುರ್ಗ ಎಲ್ಲಿ ಬರತ್ತೆ? ಬಂಡೆ ಜಾರತ್ತಾ?’

‘ಮಾಗಡಿ ಹತ್ತಿರ ಅಕ್ಕ’ ಅಂತ ಉತ್ತರಿಸಿದೆ. ಎರಡನೇ ಪ್ರಶ್ನೆಗೆ ಏನೂ ಬರೆಯಲಿಲ್ಲ. ಮಾರನೇ ದಿನ ಸಂಜೆ ಐದೂಮುಕ್ಕಾಲಿಗೆ ಇಬ್ಬರಿಗೂ ಒಂದೇ ಹೊತ್ತಿಗೆ ಮೆಸೇಜ್ ಬಂತು: ‘ತಲುಪಿದೆ.’