ಹೆಸರಿಗಾಗಿ ಕಾದ ಜೀರುಂಡೆ



ಮೊನ್ನೆ ನಮ್ಮ ಮನೆಯಾಕೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಾಗ ಸೊಂಡಿಲಿನ ಪುಟ್ಟ ಹುಳ ಒಂದು ಹೊರಬಂತು. ಐದನೇ ತರಗತಿಯ ಮೊಮ್ಮಗಳು, "ತಾತ, ಇದರ ಹೆಸರೇನು?" ಎಂದಳು. "ಅಕ್ಕಿ ಹುಳ" ಎಂದೆ. "ಅದು ನಾವು ಕರೆಯೋದು. ವಿಜ್ಞಾನದ ಹೆಸರು?"

ಜೀವಮಾನವೆಲ್ಲ ಬ್ಯಾಂಕಿನ ಲೆಡ್ಜರಿನಲ್ಲಿ ಹೆಸರು ಬರೆದವನು ನಾನು. ಈ ಹೆಸರು ಮಾತ್ರ ಗೊತ್ತಿರಲಿಲ್ಲ! ಇಬ್ಬರೂ ಹುಡುಕಿದೆವು. ಸೈಟೋಫಿಲಸ್ ಒರೈಜೆ. ಮೊದಲ ಪದಕ್ಕೆ ಧಾನ್ಯಪ್ರಿಯ ಎಂದರ್ಥ, ಎರಡನೆಯದಕ್ಕೆ ಅಕ್ಕಿಯದು ಎಂದರ್ಥ. 'ಒರೈಜೆ' ಎಂದು ಕರೆದವರು ಸ್ವೀಡನ್ನಿನ ಲಿನೇಯಸ್, 1763ರಲ್ಲಿ. ಇದೂ ಜೀರುಂಡೆಯ ಕುಲದ್ದೇ.

ಎಲ್ಲ ಜೀರುಂಡೆಗಳಿಗೂ ಇಷ್ಟು ಬೇಗ ಹೆಸರು ಸಿಕ್ಕಿಲ್ಲ. 1964-65ರಲ್ಲಿ ವಿಲಿಯಂ ಬ್ಲಾಕ್ ಎಂಬ ವಿಜ್ಞಾನಿ ಕೀನ್ಯಾದ ನೈರೋಬಿಯಲ್ಲಿ ಮಣ್ಣು, ತರಗೆಲೆ ಜಾಲಾಡಿ ಕೀಟಗಳನ್ನು ಸಂಗ್ರಹಿಸಿದರು. 1978ರಲ್ಲಿ ಆ ಸಂಗ್ರಹ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿತು. ಅದರೊಳಗೆ ಒಂದು ಮಿಲಿಮೀಟರ್ ಕೂಡ ಇಲ್ಲದ, ಕಣ್ಣೂ ರೆಕ್ಕೆಯೂ ಇಲ್ಲದ, ಹೊಂಬಣ್ಣದ ಜೀರುಂಡೆಯೊಂದಿತ್ತು. ಹೆಸರಿಲ್ಲದೆ ಅದು ಐವತ್ತು ವರ್ಷಕ್ಕೂ ಮೇಲೆ ಕಾಯಿತು. ಕೊನೆಗೆ ಮೈಕೆಲ್ ಡಾರ್ಬಿ ಎಂಬ ವಿಜ್ಞಾನಿಯ ಕಣ್ಣಿಗೆ ಬಿತ್ತು.

ಹೊಸ ಹುಳ ಎಂದು ಹೇಳಿಬಿಟ್ಟರೆ ಸಾಲದು, ಮಕ್ಕಳೇ. ಅದರ ನೆಂಟರಿಷ್ಟರನ್ನೆಲ್ಲ ಪಕ್ಕದಲ್ಲಿಟ್ಟು ಹೋಲಿಸಬೇಕು. ಅಳೆಯಬೇಕು, ಯಾವುದರಲ್ಲಿ ಬೇರೆ ಎಂದು ವಿವರಿಸಿ ಪ್ರಕಟಿಸಬೇಕು. ಒಂದು ಹುಳವನ್ನು 'ಹೋಲೋಟೈಪ್' ಎಂದು ಗುರುತಿಸಿ ಜೋಪಾನ ಮಾಡಬೇಕು. ನಾಳೆ ಯಾರಿಗಾದರೂ ಅನುಮಾನ ಬಂದರೆ ಅದನ್ನೇ ತೆಗೆದು ನೋಡುತ್ತಾರೆ. ನಮ್ಮ ಬ್ಯಾಂಕಿನಲ್ಲಿ ಗ್ರಾಹಕರ ಮಾದರಿ ಸಹಿಯ ಕಾರ್ಡು ಇರುತ್ತಿತ್ತಲ್ಲ, ಥೇಟ್ ಹಾಗೆ!

2019ರಲ್ಲಿ ಡಾರ್ಬಿಯವರು ಇಟ್ಟ ಹೆಸರು ನೆಲ್ಲಾಪ್ಟೋಡಿಸ್ ಗ್ರೇಟೇ. ಪರಿಸರಕ್ಕಾಗಿ ಶಾಲೆ ಬಿಟ್ಟು ಸಂಸತ್ತಿನ ಮುಂದೆ ಕೂತ ಸ್ವೀಡನ್ನಿನ ಹುಡುಗಿ ಗ್ರೇಟಾ ಥುನ್‌ಬರ್ಗ್ ನೆನಪಿಗೆ. ಹುಳದ ಉದ್ದನೆಯ ಮೀಸೆಗಳೂ ಅವಳ ಜಡೆಗಳಂತೆಯೇ ಇವೆಯಂತೆ. 'ಒರೈಜೆ' ಅಕ್ಕಿಯದಾದರೆ 'ಗ್ರೇಟೇ' ಗ್ರೇಟಾಳದು.

ಇಷ್ಟು ಚಿಕ್ಕ ಹುಳಕ್ಕೆ ಹೆಸರೇಕೆ ಎನ್ನುವಿರಾ? ನನ್ನ ಒಂದು ತಪ್ಪು ಹೇಳುತ್ತೇನೆ. ಒಮ್ಮೆ ಹಳ್ಳಿಯಿಂದ ಅಜ್ಜಿಯೊಬ್ಬರು ತೀರಿಹೋದ ಗಂಡನ ಉಳಿತಾಯ ಕೇಳಿಕೊಂಡು ಬಂದರು. ಲೆಡ್ಜರ್ ತಿರುವಿದೆ, ಹೆಸರಿರಲಿಲ್ಲ. "ಅಂಥ ಖಾತೆಯೇ ಇಲ್ಲ, ಅಜ್ಜಿ" ಎಂದೆ. ಏನೂ ಅನ್ನದೆ ಎದ್ದು ಹೋದರು. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಹಳೆಯ ಕಾರ್ಡುಗಳ ಕಟ್ಟು ಬಿಚ್ಚಿದರೆ, ಅವರ ಯಜಮಾನರ ಸಹಿ ಅಲ್ಲೇ ಇತ್ತು! ಹೊಸ ಲೆಡ್ಜರಿಗೆ ಹೆಸರು ಇಳಿಸುವಾಗ ನಾನೇ ಬಿಟ್ಟಿದ್ದೆ. ದುಡ್ಡು ಇತ್ತು, ಹೆಸರಿರಲಿಲ್ಲ, ಅಷ್ಟೇ. ಅಜ್ಜಿಯ ಮನೆಗೇ ಹೋಗಿ ತಪ್ಪೊಪ್ಪಿಕೊಂಡೆ.

ಜೀವಿಗಳ ಕಥೆಯೂ ಹೀಗೇ. ಸುಮಾರು ನಾಲ್ಕು ಲಕ್ಷ ಬಗೆಯ ಜೀರುಂಡೆಗಳಿಗೆ ಹೆಸರಿದೆ. ಹೆಸರಿಲ್ಲದವು ಇನ್ನೂ ಎಷ್ಟೋ. ಅವುಗಳ ಕಾಡು ಕಡಿದರೆ, "ಅಂಥದ್ದು ಇರಲೇ ಇಲ್ಲ" ಎಂದುಬಿಡುತ್ತೇವೆ. ಹೆಸರಿದ್ದರೆ ತಾನೇ ಕಳೆದುಹೋಯಿತೆಂದು ತಿಳಿಯುವುದು? ಹುಡುಕುವುದು, ಉಳಿಸುವುದು?

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜ-ಅಜ್ಜಿಯ ಪಕ್ಕ ಕೂತು, ಅವರ ಊರಿನಲ್ಲಿ ಹುಳಗಳನ್ನು ಏನೇನೆಂದು ಕರೆಯುತ್ತಿದ್ದರು ಎಂದು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಹೆಸರುಗಳೂ ಮರೆತು ಹೋಗುತ್ತಿವೆ. ನನ್ನ ಮೊಮ್ಮಗಳ ಪಟ್ಟಿಯಲ್ಲಿ ಈಗಾಗಲೇ ಹನ್ನೊಂದು ಇವೆ.